ಗೂಳಪ್ಪನ ತಟ್ಟೆ

ಗೋವಿಂದರಾಜನಗರದ ನಮ್ಮ ಮನೆಯ ತಾರಸಿಯಲ್ಲಿ, ನಡುಮಧ್ಯಾಹ್ನ, ನನ್ನ ಕಣ್ಣೆದುರೇ ನಡೆದದ್ದಿದು. ನಲವತ್ತು ವರ್ಷಗಳ ಬಳಿಕ ತಾತ ತಮ್ಮ ಪಲ್ಟನ್ನಿನ ಗೆಳೆಯರನ್ನೆಲ್ಲ ಊಟಕ್ಕೆ ಕರೆದಿದ್ದರು. ಸಾಲಿನ ತುದಿಯಲ್ಲೊಂದು ತಟ್ಟೆಗೆ ಬಿಸಿಮುದ್ದೆ, ಬಸ್ಸಾರು ಬಡಿಸಿ, ಮೇಲೊಂದು ತಟ್ಟೆ ಮುಚ್ಚಿದರು.

"ಯಾರಿಗೆ ತಾತ?"

"ಗೂಳಪ್ಪಂಗೆ ಕಣೇ. ಕಾವಲಿಗೆ ಹೋದೋನ ಊಟ ಮುಚ್ಚಿಡೋದು ನಮ್ಮ ಪದ್ಧತಿ. ಇವತ್ತಾದ್ರೂ ಬರ್ಲಿ."

ಗಡಿಯ ಹಿಮದಲ್ಲಿ ಕಾವಲಿಗೆ ಹೋದ ಗೂಳಪ್ಪ ಮರಳಲೇ ಇಲ್ಲವೆಂದು ಅಜ್ಜಿ ಹೇಳಿದ್ದಳು.

"ಲೇ ಅಂಜಿನಯ್ಯ, ಆಗೆಲ್ಲಾ ಅವನ ಪಾಲೂ ನೀನೇ ಹೊಡೀತಿದ್ಯಲ್ಲೋ!" ಎಂದು ಆ ಗೆಳೆಯರಲ್ಲೊಬ್ಬರಾದ ಮಹದೇವ್ ತಾತ ನಮ್ಮ ತಾತನನ್ನು ರೇಗಿಸಿದರು. ತಾತ ನಗಲಿಲ್ಲ.

ಎಲ್ಲರೂ ಹೋದ ಮೇಲೆ ಮುಚ್ಚಳ ಎತ್ತಲು ಹೋದೆ. ಕೊರೆಯುವ ತಣ್ಣನೆಯ ಲೋಹಕ್ಕೆ ಬೆರಳುಗಳು ಅಂಟಿಕೊಂಡವು. ಒಳಗೆ ಮುದ್ದೆ ಕಲ್ಲಾಗಿತ್ತು, ಸಾರು ಮಂಜುಗಡ್ಡೆಯಾಗಿತ್ತು.

ತಾತ ತಟ್ಟೆಯನ್ನು ಎದೆಗವಚಿಕೊಂಡು ಅತ್ತರು. "ಇನ್ನೂ ಅಲ್ಲೇ ನಿಂತವ್ನೆ ಕಣೇ. ಡ್ಯೂಟಿ ಬದಲಾಯಿಸೋಕೆ ಯಾರೂ ಹೋಗಿಲ್ಲ."

ಏಪ್ರಿಲ್ ಬಿಸಿಲಿನಲ್ಲಿ ಸಂಜೆಯವರೆಗೆ ಇಟ್ಟರೂ ಅದು ಕರಗಲಿಲ್ಲ.