ಫಾಲ್ ಇಲ್ಲದ ಸೀರೆಯ ಸದ್ದು

"ಎರಡರಲ್ಲಿ ಯಾವುದು ನಿಜವಾದ ಸೀರೆ, ಯಾವುದು ಕಂಪ್ಯೂಟರ್ ಮಾಡಿದ್ದು, ಹೇಳಿ," ಎಂದು ಗಾಜಿನ ಆಚೆಯಿಂದ ಆ ಹುಡುಗ ಕೇಳಿದಾಗ ಹರಿಣಿ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

ಮೊದಲನೆಯ ಸದ್ದಿನಲ್ಲಿ ಯಾರೋ ರೇಷ್ಮೆ ಸೀರೆಯುಟ್ಟು ಹತ್ತು ಹೆಜ್ಜೆ ನಡೆದು, ತಿರುಗಿ, ಮತ್ತೆ ನಡೆದರು. ಎರಡನೆಯದರಲ್ಲೂ ಅದೇ ಹತ್ತು ಹೆಜ್ಜೆ, ಅದೇ ತಿರುವು.

"ಎರಡನೇದು ನಿಜ. ಮೊದಲನೇದು ಸೀರೆ ಅಲ್ಲ. ಪೇಪರ್ ಕವರಿನಲ್ಲಿ ಕಡ್ಲೆಪುರಿ ಅಲ್ಲಾಡಿಸಿದ ಹಾಗಿದೆ."

ಗಾಜಿನ ಆಚೆ ಅವನು ಕುರ್ಚಿಗೆ ಒರಗಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ನಾಲ್ಕು ತಿಂಗಳ ಕೆಲಸ," ಎಂದ ಮೈಕಿನಲ್ಲಿ, ತನಗೆ ತಾನೇ ಹೇಳಿಕೊಳ್ಳುವಂತೆ. "ನಾಲ್ಕು ತಿಂಗಳ ಕಡ್ಲೆಪುರಿ."

ಹರಿಣಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅಪರಿಚಿತರ ಮುಂದೆ ಅವಳು ಅಷ್ಟು ಉದ್ದ ಮಾತಾಡಿದ್ದು ಯಾವ ಕಾಲದಲ್ಲೋ. ಆದರೆ ಅವನು ನಗುತ್ತಿದ್ದ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಕುಳಿ ಬೀಳುತ್ತಿತ್ತು.

ಅವಳನ್ನು ಲೋಧಿ ಕಾಲೋನಿಯಿಂದ ಗುರುಗ್ರಾಮದ ಆ ಸ್ಟುಡಿಯೋಗೆ ಕರೆತಂದದ್ದು ಮೇಲಿನ ಮನೆಯ ಅಪೂರ್ವಾ. ಅಪೂರ್ವಾ ಅಲ್ಲೇ ಕೆಲಸಕ್ಕಿದ್ದಳು. ಹರಿಣಿಯ ಕೆಲಸ ಸರ್ಕಾರಿ ಕ್ವಾರ್ಟರ್ಸಿನ ಕಿಟಕಿಯ ಪಕ್ಕ, ಹೊಲಿಗೆ ಯಂತ್ರದ ಮುಂದೆ. ಅಮ್ಮನಿಗೆ ಕಾಯಿಲೆಯಾದ ವರ್ಷ ಒಂಬತ್ತನೇ ಕ್ಲಾಸು ಬಿಟ್ಟವಳು, ಅಮ್ಮ ಹೋದ ಮೇಲೂ ಶಾಲೆಗೆ ಮರಳಲಿಲ್ಲ. ಕಾಲೋನಿಯ ಕನ್ನಡದ ಹೆಂಗಸರ ಸೀರೆಗಳಿಗೆಲ್ಲ ಫಾಲ್ ಹೊಲಿಯುವವಳು ಅವಳೇ.

"ನಿನ್ನಷ್ಟು ಸೀರೆ ಮುಟ್ಟಿದವರು ಈ ದಿಲ್ಲಿಯಲ್ಲಿ ಯಾರಿದ್ದಾರೆ ಹೇಳು," ಎಂದಿದ್ದಳು ಅಪೂರ್ವಾ. "ಮಧ್ಯಾಹ್ನ ಎರಡು ಗಂಟೆ ಬಂದು ಸದ್ದು ಕೇಳು, ಫಾರಂ ಮೇಲೆ ಟಿಕ್ ಹಾಕು. ಯಾರ ಹತ್ರಾನೂ ಮಾತಾಡೋ ಹಾಗಿಲ್ಲ. ನಿನಗೆ ಹೇಳಿ ಮಾಡಿಸಿದ ಕೆಲಸ."

ಗಾಜಿನ ಆಚೆಯವನ ಹೆಸರು ಸಾಕೇತ್. ಕೊಡಗಿನವನು, ಆದರೆ ಅಪ್ಪ ಸೈನ್ಯದಲ್ಲಿದ್ದುದರಿಂದ ಬೆಳೆದದ್ದು ಪಠಾಣ್‌ಕೋಟಿನಿಂದ ಜೋಧ್‌ಪುರದವರೆಗೆ ಸಿಕ್ಕ ಸಿಕ್ಕ ಕಂಟೋನ್ಮೆಂಟುಗಳಲ್ಲಿ. ಅವನ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ತಿರುಗಿಬಿಡುತ್ತಿತ್ತು.

"ಇದೊಂದು ಗೇಮ್," ಎಂದು ಎರಡನೆಯ ದಿನ ಅವನು ವಿವರಿಸಿದ. "ರಾಣಿ ಅರಮನೆಯಲ್ಲಿ ಓಡಾಡ್ತಾಳೆ. ಆಡುವವರು ಒಬ್ಬೊಬ್ಬರು ಒಂದೊಂದು ಥರ ಓಡಿಸ್ತಾರೆ. ರೆಕಾರ್ಡ್ ಮಾಡಿದ ಸದ್ದು ಹಾಕಿದ್ರೆ ಅದೇ ಅದೇ ಬರುತ್ತೆ, ನಕಲಿ ಅಂತ ಗೊತ್ತಾಗಿಬಿಡುತ್ತೆ. ಅದಕ್ಕೆ ಬಟ್ಟೆ ಎಲ್ಲಿ ಮಡಚ್ತು, ಎಲ್ಲಿ ಉಜ್ಜಿತು, ಮತ್ಲಬ್, ಎಷ್ಟು ಜೋರಾಗಿ ಅಂತ ಕಂಪ್ಯೂಟರೇ ಲೆಕ್ಕ ಹಾಕಿ, ಆ ಕ್ಷಣಕ್ಕೆ ಸದ್ದು ಹುಟ್ಟಿಸಬೇಕು."

"ಮೈಕೇ ಇಲ್ಲದೆ?"

"ಮೈಕೇ ಇಲ್ಲದೆ. ಸೀರೆಯೂ ಇಲ್ಲದೆ."

ಸೀರೆಯಿಲ್ಲದೆ ಸೀರೆಯ ಸರಸರ ಹುಟ್ಟಿಸಲು ಹೊರಟ ಇಂಥವನೊಬ್ಬ ಇರಬಹುದೆಂದು ಹರಿಣಿ ಎಣಿಸಿರಲಿಲ್ಲ.

ಪರೀಕ್ಷೆಯ ನಿಯಮದ ಪ್ರಕಾರ, ಕೇಳುವವರಿಗೆ ಸದ್ದು ಮಾಡಿದವರ ಮುಖ ಕಾಣಬಾರದು. ಆದರೆ ಆ ಆಫೀಸಿನಲ್ಲಿ ಇದ್ದದ್ದು ಒಂದೇ ಸದ್ದಡಗಿಸಿದ ಕೋಣೆ, ಅದಕ್ಕೆ ಒಂದೇ ಗಾಜು. ಅವಳು ಟಿಕ್ ಹಾಕಿದ್ದು ಅವನ ಪರದೆಯ ಮೇಲೆ ಆಗಲೇ ಮೂಡುತ್ತಿತ್ತು. ಮೂಡಿದ್ದು ಅವನ ಮುಖದ ಮೇಲೂ ಬೀಳುತ್ತಿತ್ತು.

ಹರಿಣಿ ನೋಡುವುದರಲ್ಲಿ ಪಳಗಿದವಳು. ಅವನು ಬೇಸರವಾದಾಗ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡುತ್ತಾನೆಂದು ಮೂರು ದಿನದಲ್ಲಿ ಕಂಡುಕೊಂಡಳು. ಅವಳು ಕೋಣೆಯೊಳಗೆ ಬರುವ ಮೊದಲು ಕೂದಲು ಸರಿಮಾಡಿಕೊಳ್ಳುತ್ತಾನೆಂಬುದನ್ನೂ ಕಂಡಳು. ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಹೆದರಿದಳು.

ಒಂದು ಗುರುವಾರ ಅವನ ಕಣ್ಣು ಕೆಂಪಾಗಿತ್ತು. ಅವಳು ಒಂದರ ಹಿಂದೊಂದು ಏಳು ಸದ್ದು ಸರಿಯಾಗಿ ಹಿಡಿದಳು. ಅಂದರೆ, ಅವನ ಏಳು ಸದ್ದುಗಳನ್ನು ಸುಳ್ಳೆಂದು ಹೇಳಿದಳು. ಪ್ರತಿ ಟಿಕ್ಕಿಗೂ ಆ ಮುಖ ಒಂದೊಂದು ಎಳೆ ಸಪ್ಪಗಾಗುತ್ತ ಹೋಯಿತು. ಎಂಟನೆಯದಕ್ಕೆ ಹರಿಣಿಯ ಕೈ ತಾನಾಗಿ ಇನ್ನೊಂದು ಚೌಕಕ್ಕೆ ಹೋಯಿತು. ಕಂಪ್ಯೂಟರಿನ ಸೀರೆಯನ್ನು ನಿಜವೆಂದು ಒಪ್ಪಿಕೊಂಡಳು.

ಅವನು ತಲೆಯೆತ್ತಿದ. ಎಡಗೆನ್ನೆಯ ಕುಳಿ ಮೂಡಿತು.

ಇನ್ನೇನು ಬೇಕು. ಆ ಕುಳಿಗಾಗಿ ಮುಂದಿನ ಎರಡು ವಾರ ಅವಳು ದಿನಕ್ಕೆ ಒಂದು, ಎರಡು, ನಾಲ್ಕು ಸುಳ್ಳು ಹೇಳಿದಳು. ಸಂಜೆ ಅವನು ಲಿಫ್ಟಿನವರೆಗೆ ಬಂದು ಬಿಡತೊಡಗಿದ.

"ನಿಮ್ಮ ಕಿವಿಗೆ ಒಪ್ಪಿಗೆ ಆದ್ರೆ ಲೋಕಕ್ಕೆಲ್ಲ ಒಪ್ಪಿಗೆ," ಎಂದ ಒಂದು ದಿನ. "ಇನ್ನು ನಾನು ಅದನ್ನ ಮುಟ್ಟೋದಿಲ್ಲ. ಫೈನಲ್."

ನಿಜ ಹೇಳಿಬಿಡಬೇಕೆಂದು ಹರಿಣಿ ಅವನತ್ತ ತಿರುಗಿದಳು. ಆದರೆ ಲಿಫ್ಟ್ ಬಂದುಬಿಟ್ಟಿತು.

ಅದಾದ ಮೂರನೆಯ ದಿನ, ಹನ್ನೊಂದನೆಯ ಸದ್ದು ಎಷ್ಟು ಕೆಟ್ಟದಾಗಿತ್ತೆಂದರೆ, ಹಳೇ ಪೇಪರಿನವನು ಮೂಟೆ ಎಳೆದಂತಿತ್ತು. ಪಾಪ, ಇವನಿಗೆ ಮೈ ಸರಿಯಿಲ್ಲ ಎಂದುಕೊಂಡು ಅವಳು ಅದಕ್ಕೂ ನಿಜವೆಂದು ಟಿಕ್ ಹಾಕಿದಳು. ಈ ಸಲ ಕುಳಿ ಮೂಡಲಿಲ್ಲ. ಅವನು ಪರದೆಯನ್ನೇ ನೋಡುತ್ತ ಕುಳಿತ. ಆಮೇಲೆ, "ಥ್ಯಾಂಕ್ಸ್. ಟೆಸ್ಟ್ ಮುಗೀತು. ನಾಳೆಯಿಂದ ಬರೋದು ಬೇಡ," ಎಂದ. ಲಿಫ್ಟಿನವರೆಗೂ ಬರಲಿಲ್ಲ.

ಶುಕ್ರವಾರ ಸಂಜೆ ಅಪೂರ್ವಾ ಬ್ಲೌಸ್ ಒಯ್ಯಲು ಬಂದಳು.

"ಸಾಕೇತ್ ಮುಖ ನೋಡೋಕಾಗಲ್ಲ ಕಣೆ. ಸೋಮವಾರ ಗೇಮ್ ಕಂಪನಿಯವರು ಬರ್ತಾರೆ. ಎರಡೂ ಸದ್ದು ಕೇಳಿಸ್ತಾರಂತೆ. ಅವರು ನಕಲಿ ಯಾವುದು ಅಂತ ಹಿಡಿದ್ರೆ ಮುಗೀತು, ಅವನ ಟೀಮೇ ಬಂದ್. ಎರಡು ವಾರ ಸುಮ್ನೆ ಕೂತಿದ್ದ, ಎಲ್ಲ ಸರಿಯಾಗಿದೆ ಅಂತ. ಈಗ ಹುಚ್ಚನ ಥರ ಆಡ್ತಿದ್ದಾನೆ."

ಹರಿಣಿಯ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಆ ಎರಡು ವಾರ ಅವನು ಸುಮ್ಮನೆ ಕೂತದ್ದು ಯಾರ ಮಾತು ನಂಬಿ ಎಂದು ಅವಳಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಅವಳು ಯಾರೂ ಕರೆಯದೆ ಸ್ಟುಡಿಯೋಗೆ ಹೋದಳು. ಆಫೀಸು ಖಾಲಿಯಿತ್ತು. ಸಾಕೇತ್ ಒಬ್ಬನೇ ಇದ್ದ, ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತ.

"ನಾನು ಸುಳ್ಳು ಬರೆದೆ," ಎಂದಳು ಬಾಗಿಲಲ್ಲೇ ನಿಂತು. ಒಳಗೆ ಬಂದರೆ ಧೈರ್ಯ ಹೋಗಿಬಿಡುತ್ತದೆಂದು ಹೆದರಿ.

"ಗೊತ್ತು."

"ಗೊತ್ತಾ?"

"ಹನ್ನೊಂದನೇದು ನಾನು ಬೇಕಂತಲೇ ಕೆಡಿಸಿದ ಸದ್ದು. ಕೇಳುವವರು ಎಚ್ಚರವಾಗಿದ್ದಾರಾ ಅಂತ ನೋಡೋಕೆ ಒಂದು ಹಾಕ್ತೀವಿ. ಕೇಳೋಕೆ ಬರೋ ಬೇರೆಯವರೆಲ್ಲ ನಕ್ಕುಬಿಟ್ರು. ನೀವೊಬ್ಬರೇ ನಿಜ ಅಂದಿದ್ದು."

"ಅದು ಅಷ್ಟು ಕೆಟ್ಟದಾಗಿತ್ತು," ಎಂದಳು ಹರಿಣಿ. "ನಿಮಗೆ ಹುಷಾರಿಲ್ಲ ಅಂದ್ಕೊಂಡೆ."

ಅವನು ಅವಳನ್ನೇ ನೋಡಿದ. ಕ್ಯಾಪು ಬೆರಳಿನಿಂದ ಜಾರಿ ಮೇಜಿನ ಕೆಳಗೆ ಉರುಳಿತು. ಇಬ್ಬರೂ ಅದನ್ನು ಹುಡುಕಲು ಹೋಗಲಿಲ್ಲ.

"ನಾನು ಬೇರೆ ಅಂದ್ಕೊಂಡಿದ್ದೆ," ಎಂದ ನಿಧಾನವಾಗಿ. "ನಿಮಗೆ ಬೋರ್ ಆಗಿದೆ, ಕೇಳ್ತಾನೇ ಇಲ್ಲ, ಟಿಕ್ ಹಾಕಿ ಮೆಟ್ರೋ ಹಿಡೀತಿದ್ದೀರಿ ಅಂತ. ಮತ್ತೆ ಯಾಕೆ ಹಾಗೆ ಬರೆದಿರಿ?"

ಹರಿಣಿ ದುಪಟ್ಟದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಅಚ್ಛಾ, ಬಿಡಿ," ಎಂದ ಸಾಕೇತ್. "ಇವತ್ತು ನಿಜ ಹೇಳಿ. ಎಷ್ಟು ಕೆಟ್ಟದಾಗಿದೆ?"

ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಒಂದು ಸಲ ಕೇಳಿದಳು. ಇನ್ನೊಂದು ಸಲ. ಮೂರನೆಯ ಸಲ ಕೇಳುವಾಗ ಅವಳ ಬೆರಳುಗಳು ಮಡಿಲಲ್ಲಿ ಇಲ್ಲದ ಬಟ್ಟೆಯೊಂದನ್ನು ಸವರತೊಡಗಿದವು.

"ಕಡ್ಲೆಪುರಿ ಹೋಗಿದೆ," ಎಂದಳು. "ಇದು ಸೀರೆನೇ. ಜರಿ ಅಂಚಿನ ದಪ್ಪ ರೇಷ್ಮೆ. ಆದ್ರೆ ಇದಕ್ಕೆ ಫಾಲ್ ಇಲ್ಲ."

"ಏನಿಲ್ಲ?"

"ಫಾಲ್. ಅಂಚು ನೆಟ್ಟಗೆ ನಿಲ್ಲಲಿ ಅಂತ ಸೀರೆಯ ಕೆಳಗಡೆ ಒಳಮೈಗೆ ಹತ್ತಿಬಟ್ಟೆ ಪಟ್ಟಿ ಹೊಲಿತೀವಲ್ಲ, ಅದು. ಹೊಲಿದ ಮೇಲೆ ಪಾದದ ಹತ್ರ ಸದ್ದು ಮೆತ್ತಗಾಗುತ್ತೆ. ಹೊಲೀದಿದ್ರೆ ಗರಗರ ಅನ್ನುತ್ತೆ. ಅಂಗಡಿಯಿಂದ ತಂದ ಸೀರೆ ಹಾಗೇ ಉಟ್ಟು ನಡೆದ್ರೆ ಹೀಗೆ ಕೇಳುತ್ತೆ. ಆದ್ರೆ ಹಾಗೆ ಯಾರು ನಡೀತಾರೆ?"

"ನಾವು ರೆಕಾರ್ಡ್ ಮಾಡಿದ ನಿಜವಾದ ಸೀರೆ ಅಪೂರ್ವಾಂದು."

"ಅದಕ್ಕೆ ಫಾಲ್ ಹಾಕಿದ್ದು ನಾನೇ."

ಸಾಕೇತ್ ಎದ್ದು ನಿಂತ. ಮತ್ತೆ ಕೂತ. "ಕಂಪ್ಯೂಟರಿಗೆ ನಾನು ಕೊಟ್ಟಿದ್ದು ಒಂದೇ ಪದರ. ಐದು ತಿಂಗಳಿಂದ ಎರಡು ಬೇರೆ ಬೇರೆ ಬಟ್ಟೆ ಹೋಲಿಸ್ತಾ ಕೂತಿದ್ದೀನಿ. ಹರಿಣಿ, ಗೇಮಿನ ರಾಣಿ ಎಂಟುನೂರು ವರ್ಷ ಹಿಂದಿನವಳು. ಅವಳ ಸೀರೆಗೆ ಫಾಲ್ ಯಾರು ಹಾಕಿರ್ತಾರೆ?"

"ನಾನಂತೂ ಅಲ್ಲ," ಎಂದಳು ಹರಿಣಿ.

ಅವನು ನಕ್ಕ ನಗುವಿಗೆ ಖಾಲಿ ಆಫೀಸೆಲ್ಲ ತುಂಬಿತು. ಹರಿಣಿಗೂ ನಗು ಬಂತು.

ಮತ್ತೆ ರೆಕಾರ್ಡ್ ಮಾಡಲು ಬೇಕಾದದ್ದು ಫಾಲ್ ಇಲ್ಲದ ಒಂದು ರೇಷ್ಮೆ ಸೀರೆ. ಅದು ಹರಿಣಿಯ ಬಳಿಯೇ ಇತ್ತು. ಅಪ್ಪ ದೀಪಾವಳಿಗೆ ಕೊಡಿಸಿದ ಬದನೆಕಾಯಿ ಬಣ್ಣದ ಸೀರೆ. ಊರವರಿಗೆಲ್ಲ ಫಾಲ್ ಹಾಕುವ ಭರದಲ್ಲಿ ತನ್ನದಕ್ಕೆ ಹಾಕಲು ಪುರುಸೊತ್ತಾಗದೆ ಅದು ಪೆಟ್ಟಿಗೆಯಲ್ಲೇ ಉಳಿದಿತ್ತು.

ಭಾನುವಾರ ಅವಳು ಅದನ್ನುಟ್ಟು ಮೈಕುಗಳ ನಡುವೆ ಬರಿಗಾಲಲ್ಲಿ ನಿಂತಳು. ಸಾಕೇತ್ ಅವಳನ್ನು ಒಮ್ಮೆ ನೋಡಿದ, ಹೇಳಬೇಕಾದ ಮಾತು ಮರೆತ, ಕೆಮ್ಮಿದ. ಆಮೇಲೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತುಬಿಟ್ಟ.

"ನೀವು ಹೇಗೆ ನಡೀತೀರೋ ಹಾಗೇ ನಡೀರಿ. ನಾನು ನೋಡಲ್ಲ. ಕೇಳ್ತೀನಷ್ಟೆ."

ನೋಡುವ ಕಣ್ಣಿಂದ ತಪ್ಪಿಸಿಕೊಳ್ಳಲು ಅವಳಿಗೆ ಬಾಗಿಲ ಸಂದಿ ಗೊತ್ತಿತ್ತು, ಯಾರದಾದರೂ ಬೆನ್ನು ಗೊತ್ತಿತ್ತು. ಕೇಳುವವನಿಂದ ತಪ್ಪಿಸಿಕೊಳ್ಳುವುದು ಹೇಗೆ? ನೆರಿಗೆ ನೆರಿಗೆಗೆ ತಾಗಿದ್ದು, ಸೆರಗು ಸೊಂಟಕ್ಕೆ ಉಜ್ಜಿದ್ದು, ಅವಳು ನಡುವೆ ಒಮ್ಮೆ ತಡೆದು ಉಸಿರೆಳೆದುಕೊಂಡದ್ದು, ಎಲ್ಲವೂ ಅವನ ಕಿವಿಯೊಳಗೆ ಹೋಗುತ್ತಿತ್ತು. ಹತ್ತು ಹೆಜ್ಜೆ ಮುಗಿಯುವಷ್ಟರಲ್ಲಿ ಅವನ ಕಿವಿಯ ತುದಿ ಕೆಂಪಾದದ್ದು ಹಿಂದಿನಿಂದಲೇ ಕಂಡಿತು.

ಮಧ್ಯಾಹ್ನ ಪರೀಕ್ಷೆ. ಈ ಸಲ ಸಾಕೇತ್ ತನ್ನ ಜಾಕೆಟ್ ಬಿಚ್ಚಿ ಗಾಜಿಗೆ ಅಡ್ಡವಾಗಿ ನೇತುಹಾಕಿದ. ಹರಿಣಿಗೆ ಅವನ ಮುಖ ಕಾಣಲಿಲ್ಲ. ಕಿವಿಯೊಂದೇ ಉಳಿಯಿತು.

ಹನ್ನೆರಡು ಜೋಡಿ ಸದ್ದು. ಒಂದರಲ್ಲಿ ಅವಳೇ ನಡೆಯುತ್ತಿದ್ದಳು, ಇನ್ನೊಂದರಲ್ಲಿ ಯಾರೂ ಇರಲಿಲ್ಲ. ಯಾವುದು ಯಾವುದೆಂದು ಅವಳು ಬೆವರುವಷ್ಟು ಹೊತ್ತು ಕೇಳಿದಳು. ತನ್ನ ಸೀರೆ, ತನ್ನ ಕಾಲು, ಆದರೂ ತಿಳಿಯಲಿಲ್ಲ. ಕೊನೆಗೆ ಊಹೆಯ ಮೇಲೆ ಹನ್ನೆರಡಕ್ಕೂ ಟಿಕ್ ಹಾಕಿ, ಬಾಗಿಲು ತೆರೆದು ಹೊರಗೆ ಬಂದಳು.

"ಗೊತ್ತಾಗ್ತಿಲ್ಲ," ಎಂದಳು.

"ನಿಜ ಹೇಳಿ."

"ನಿಜ. ಅಮ್ಮನಾಣೆ ಗೊತ್ತಾಗ್ತಿಲ್ಲ."

ಅವನು ಪರದೆಯ ಕಡೆ ಬೆರಳು ಮಾಡಿದ. ಹನ್ನೆರಡರಲ್ಲಿ ಆರು ಸರಿ, ಆರು ತಪ್ಪು. ಕಣ್ಣು ಮುಚ್ಚಿ ಟಿಕ್ ಹಾಕಿದರೂ ಅಷ್ಟೇ ಬರುತ್ತಿತ್ತು. ಹರಿಣಿ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಸಾಕೇತ್ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದ. ಯಾರಾದರೂ ಸೋತದ್ದಕ್ಕೆ ಇಷ್ಟು ನಿರಾಳವಾಗಿ ಅತ್ತದ್ದನ್ನು ಅವನು ಕಂಡಿರಲಿಲ್ಲ.

ಸೋಮವಾರ ಗೇಮ್ ಕಂಪನಿಯಿಂದ ನಾಲ್ವರು ಬಂದರು. ಹರಿಣಿ ಕಾರಿಡಾರಿನಲ್ಲಿ ಕಾಯುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ಅಪೂರ್ವಾ ಬಾಗಿಲಿಂದ ತಲೆ ಹೊರಹಾಕಿ, "ನಾಲ್ವರೂ ಕನ್ಫ್ಯೂಸ್ ಆಗಿದ್ದಾರೆ. ಒಬ್ಬನಂತೂ ಮೂರು ಸಲ ಉತ್ತರ ಬದಲಾಯಿಸಿದ," ಎಂದು ಪಿಸುಗುಟ್ಟಿ ಹೋದಳು. ಹರಿಣಿ ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟಳು.

ಸಂಜೆ ಸಿಕಂದರ್‌ಪುರದ ಪ್ಲಾಟ್‌ಫಾರಂನಲ್ಲಿ ಅವಳ ಕಾಲು ಅಭ್ಯಾಸದಂತೆ ಮುಂದಿನ ಲೇಡೀಸ್ ಬೋಗಿಯತ್ತ ಹೋಯಿತು. ಜೊತೆಗೆ ಬರುತ್ತಿದ್ದ ಸಾಕೇತ್ ಗುಲಾಬಿ ಬೋರ್ಡಿನ ಹತ್ತಿರ ನಿಂತ.

"ನಾನು ಅಲ್ಲಿಗೆ ಬರೋ ಹಾಗಿಲ್ಲ."

"ನಿಮ್ಮ ಮನೆ ಇಲ್ಲೇ ಗುರುಗ್ರಾಮದಲ್ಲಿ ಅಲ್ವಾ?"

"ಹೌದು. ನಿಮ್ಮ ಸ್ಟೇಷನ್ ಜೋರ್ ಬಾಗ್‌ವರೆಗೆ ಬಂದು ವಾಪಸ್ ಬರೋಣ ಅಂತ."

ರೈಲು ಬಂತು. ಹರಿಣಿ ಮುಂದಿನ ಬೋಗಿಯನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ತಿರುಗಿ, ಎರಡನೆಯ ಬೋಗಿಯ ನೂಕುನುಗ್ಗಲಿನೊಳಗೆ ತಾನೇ ಮೊದಲು ಹತ್ತಿದಳು. ಅವನು ಕಂಬ ಹಿಡಿದು, ತನ್ನ ಬೆನ್ನಿನಿಂದ ಜನರನ್ನು ತಡೆದು, ಅವಳಿಗೊಂದು ಮೂಲೆ ಮಾಡಿಕೊಟ್ಟ.

"ಅವತ್ತು ಯಾಕೆ ಅಂತ ಕೇಳಿದಿರಲ್ಲ," ಎಂದಳು ಅವಳು, ಅವನ ಶರ್ಟಿನ ಗುಂಡಿಗೆ ಹೇಳುವಂತೆ. "ನಾನು ಟಿಕ್ ಹಾಕ್ತಿದ್ದಿದ್ದು ನಿಮ್ಮ ಮುಖ ನೋಡಿ. ಅದು ಸಪ್ಪಗಾಗೋದು ನನ್ನ ಕೈಲಿ ನೋಡೋಕಾಗ್ಲಿಲ್ಲ."

ಅವನು ಕಂಬದ ಮೇಲೆ ಕೈ ಬದಲಾಯಿಸಿದ.

"ನಾನು ಗಾಜಿಗೆ ಜಾಕೆಟ್ ನೇತುಹಾಕಿದ್ದು ನಿಮಗೆ ಅಡ್ಡ ಅಲ್ಲ," ಎಂದ ಆಮೇಲೆ. "ನನಗೆ. ನೀವು ಎದುರಿಗಿದ್ರೆ ನಾನು ಪರದೆ ನೋಡಲ್ಲ, ಹರಿಣಿ."

"ನಾನು ಒಂಬತ್ತನೇ ಕ್ಲಾಸಿಗೇ ಬಿಟ್ಟವಳು. ಅದೂ ಗೊತ್ತಿರಲಿ."

"ನನಗೆ ಕನ್ನಡ ಓದೋಕೇ ಬರಲ್ಲ. ಒಂದನೇ ಕ್ಲಾಸಿಂದ ಶುರು ಮಾಡಬೇಕು. ಟೀಚರ್ ಹುಡುಕ್ತಿದ್ದೀನಿ."

"ಟೀಚರ್ ಬಹಳ ಸ್ಟ್ರಿಕ್ಟ್."

"ಸುಳ್ಳು ಸುಳ್ಳೇ ಪಾಸ್ ಮಾಡ್ತಾರಂತೆ, ಕೇಳಿದ್ದೀನಿ."

ಅವಳು ನಗು ತಡೆಯಲಾಗದೆ ಹಣೆಯನ್ನು ಅವನ ತೋಳಿಗೆ ಒತ್ತಿದಳು. ಬಾಗಿಲುಗಳು ತೆರೆದವು, ಮುಚ್ಚಿದವು, ಮತ್ತೆ ತೆರೆದವು. ಯಾವ ಸ್ಟೇಷನ್ನೆಂದು ಇಬ್ಬರೂ ನೋಡಲಿಲ್ಲ.

ಫೋನ್ ರಿಂಗಾಯಿತು. ಅಪ್ಪ, ಕೇಶವಮೂರ್ತಿ. "ಎಲ್ಲಿದ್ದೀಯಮ್ಮ? ಇಷ್ಟು ಹೊತ್ತಿಗೆ ಬಂದಿರ್ತಿದ್ದೆ."

ಹರಿಣಿ ಕಿಟಕಿಯಾಚೆ ಬೋರ್ಡು ನೋಡಿದಳು. ರೈಲು ತಡವಾಯಿತೆಂದು ಹೇಳಬಹುದಿತ್ತು.

"ಉದ್ಯೋಗ ಭವನದಲ್ಲಿ, ಅಪ್ಪ. ನಮ್ಮ ಸ್ಟೇಷನ್ ದಾಟಿಬಿಟ್ಟೆ. ಮಾತಾಡ್ತಾ ಗೊತ್ತಾಗ್ಲಿಲ್ಲ. ವಾಪಸ್ ಬರ್ತಿದ್ದೀನಿ." ಸಾಕೇತ್ ಕಡೆ ನೋಡಿದಳು. "ಜೊತೆಗೆ ಒಬ್ಬರು ಬರ್ತಿದ್ದಾರೆ. ಸಾಕೇತ್ ಅಂತ. ನಿಮಗೆ ತೋರಿಸಬೇಕು."

ಸಾಕೇತ್ ಉಸಿರು ಹಿಡಿದು ನಿಂತಿದ್ದ. ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು.

"ಹಾಲು ಕಮ್ಮಿ ಇದೆ," ಎಂದರು ಅಪ್ಪ. "ಇಬ್ಬರೂ ಬರುವಾಗ ಒಂದು ಪ್ಯಾಕೆಟ್ ತಗೊಂಡು ಬನ್ನಿ."