ಹೂಂಗುಟ್ಟುವ ತನಕ

"ಒಳಗೆ ಓದ್ತಾ ಇದೆ, ಹೊರಗೆ ಯಾಕಪ್ಪಾ ಕೇಳಿಸ್ತಿಲ್ಲ?" ಎಂದು ತಂಗಿ ಯಾರನ್ನೂ ಉದ್ದೇಶಿಸದೆ ಕೇಳಿದಳು.

ಕಂಪ್ಯೂಟರ್ ರಿಪೇರಿ ಅವಳ ಕೆಲಸ. ತೀರಿಕೊಂಡ ಅಪ್ಪನ ಹಳೆಯ ಕಂಪ್ಯೂಟರನ್ನು ಇದ್ದ ಹಾಗೆಯೇ ನಕಲು ಮಾಡಿ, ತನ್ನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ, ವರ್ಚುವಲ್ ಮಷೀನ್ ಆಗಿ ಓಡಿಸುತ್ತಿದ್ದಳು. ಅಪ್ಪ ಪದ್ಯ ಓದಿದ ಒಂದೇ ಒಂದು ಧ್ವನಿಮುದ್ರಣ ಅದರಲ್ಲಿತ್ತು. ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಸ್ಪೀಕರ್ ಮಾತ್ರ ಮೂಕವಾಗಿತ್ತು.

"ಥೂ, ಒಳಗಿನದಕ್ಕೆ ಸೌಂಡ್ ಕಾರ್ಡೇ ಕೊಟ್ಟಿಲ್ಲ ನಾನು! ಬಾಯಿ ಕೊಡದೆ ಹಾಡು ಅಂದ ಹಾಗಾಯ್ತು" ಎಂದು ನಗುತ್ತಾ ಅದನ್ನೂ ಜೋಡಿಸಿದಳು.

ಅಪ್ಪನ ದನಿ ಬಂತು. ನಾನು ಕೈಮುಗಿದು ಕುಳಿತೆ. ಒಂದು ಸಾಲು ಮುಗಿದು ದನಿ ನಿಂತಿತು. ಕೇಳುವವರು ಹೂಂಗುಟ್ಟದೆ ಅಪ್ಪ ಎಂದೂ ಮುಂದಕ್ಕೆ ಹೋದವರಲ್ಲ. ಅಭ್ಯಾಸಬಲದಿಂದ "ಹೂಂ" ಎಂದೆ. ದನಿ ಮುಂದುವರಿಯಿತು. ಮುಂದಿನ ಸಾಲಿಗೆ, ನೋಡೋಣವೆಂದು, ತುಟಿ ಬಿಗಿಹಿಡಿದೆ. ಅಪ್ಪನ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಸ್ಪೀಕರಿನೊಳಗಿಂದ, ಅಪ್ಪನ ಕುರ್ಚಿ ನನ್ನ ಕಡೆ ತಿರುಗಿದಂತೆ ಕಿರುಗುಟ್ಟುವ ಸದ್ದು.

"ಮೈಕ್ ಹಾಕಿದ್ದೀಯೇನೇ?"

"ಇಲ್ಲ ಅಕ್ಕ. ಇದಕ್ಕೆ ಮೈಕೇ ಇಲ್ಲ."

ಅವಳು ಮಷೀನನ್ನು ಇದ್ದಲ್ಲೇ ನಿಲ್ಲಿಸಿಟ್ಟಳು. ಹಾಗೆ ನಿಲ್ಲಿಸಿದ್ದು ಆ ಕ್ಷಣದಲ್ಲೇ ಉಳಿದಿರುತ್ತದೆ, ಮತ್ತೆ ತೆಗೆದರೆ ಅಲ್ಲಿಂದಲೇ ಶುರುವಾಗುತ್ತದೆ ಎಂದು ಅವಳೇ ಹೇಳಿದ್ದಳು.

ಆ ಒಂದು ಹೂಂ ಯಾಕೆ ನುಂಗಿಕೊಂಡೆನೋ. ಅಪ್ಪನನ್ನು ಅರ್ಧ ಪದ್ಯದಲ್ಲಿ ಕಾಯಿಸಿಬಿಟ್ಟೆ.

"ಒಂದೇ ಒಂದು ಸಲ ತೆಗಿಯೇ. ಹೂಂ ಅಂದು ಎದ್ದು ಹೋಗ್ತೀನಿ" ಎಂದು ಇವತ್ತೂ ಬೇಡಿಕೊಂಡೆ.

"ತೆಗಿಯಲ್ಲ ಅಕ್ಕ" ಎಂದಳು. "ಇನ್ನು ಕೇಳ್ಬೇಡ."