ವ್ಯಾಕ್ಸ್ ಹಚ್ಚದ ಟ್ಯಾಂಕು

"ಬಿಸಿಲಲ್ಲಿ ನಿಲ್ಲಿಸ್ಬೇಡಿ, ನೆರಳಿಗೆ ತಗೊಳ್ಳಿ!"

ಅವಳು ಕೈ ಬೀಸಿ ಕೂಗಿದರೂ ಲಾರಿ ಅಂಗಳದ ನಟ್ಟನಡುವೆಯೇ ಬಂದು ನಿಂತಿತು. ಇಳಿದ ಡ್ರೈವರ್ ಹೊಸಬ, ಉದ್ದನೆಯ ಆಳು. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಬಂದಿದ್ದ.

"ಡೀಸೆಲ್ ಟ್ಯಾಂಕ್ ತೊಳೆಯೋಕೂ ನೆರಳು ಬೇಕಾ? ಒಳ್ಳೇ ಕಥೆ ಆಯ್ತಲ್ಲ!"

"ಕಾದ ಅಲ್ಯೂಮಿನಿಯಂ ಮೇಲೆ ಆಸಿಡ್ ಬಿದ್ರೆ ಅಲ್ಲೇ ಒಣಗಿ ಕಲೆ ಕೂತ್ಬಿಡುತ್ತೆ. ಆಮೇಲೆ ನನ್ನನ್ನೇ ಬಯ್ಯೋಕೆ ಬರ್ತೀರಿ."

"ಎಷ್ಟೊತ್ತು ಕಾಯ್ಬೇಕು?"

"ಕೈ ಇಟ್ರೆ ತಣ್ಣಗನ್ನಿಸೋವರೆಗೂ."

ಇವಳಿಗೆ ಮೈಗಳ್ಳತನ ಎಂದುಕೊಂಡು, ಗೊಣಗುತ್ತಲೇ ಅವನು ಲಾರಿಯನ್ನು ಶೀಟಿನ ನೆರಳಿಗೆ ಹಾಕಿದ. ಬೋರಲು ಬಿದ್ದಿದ್ದ ಬಕೆಟ್ ಮೇಲೆ ಕೂತ. ಆಗಾಗ ಎದ್ದು ಡೀಸೆಲ್ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಅವಳ ಕಡೆ ನೋಡುವನು. ಅವಳು ಬಂದು ತಾನೂ ಮುಟ್ಟಿ, ಇಲ್ಲ ಎಂದು ತಲೆಯಾಡಿಸಿ ಹೋಗುವಳು. ಹೀಗೇ ನಡೆದು ನಡೆದು ಕೊನೆಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅದು ಅವಳ ಸೋದರಮಾವನ ವಾಶಿಂಗ್ ಯಾರ್ಡ್. ಅಲ್ಯೂಮಿನಿಯಂ ಕೆಲಸವೆಲ್ಲ ಅವಳದೇ. ಮೊಣಕೈವರೆಗೆ ರಬ್ಬರ್ ಗ್ಲೌಸ್ ಏರಿಸಿ, ನೀರು ಬೆರೆಸಿದ ಆಸಿಡ್ಡನ್ನು ಕೆಳಗಿನಿಂದ ಮೇಲಕ್ಕೆ ಸಿಂಪಡಿಸಿದಳು. ಬೂದು ಬಣ್ಣದ ಕಿಲುಬು ಬಿಳಿ ನೊರೆಯಾಗಿ ಎದ್ದಿತು. ಒಣಗುವ ಮೊದಲೇ ಪೈಪು ಹಿಡಿದು ನೀರು ಹೊಡೆದಳು. ನೊರೆ ಇಳಿದ ಜಾಗದಲ್ಲಿ ಅವನ ಮುಖ ಮಸುಕಾಗಿ ಮೂಡಿತು, ಪಕ್ಕದಲ್ಲಿ ಅವಳದೂ. ಅವನು ಟ್ಯಾಂಕಿನಲ್ಲಿದ್ದ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನು ತಟ್ಟನೆ ಟೈರಿನ ಕಡೆ ತಿರುಗಿದ.

"ಗ್ಲೌಸ್ ಮೇಡಂ, ಕೈಗೆ ಕೆಲಸ ಗೊತ್ತಿದೆ ಬಿಡಿ."

"ಕಣ್ಣಿಗೂ ಗೊತ್ತಿದೆ, ಡ್ರೈವರ್ ಸಾಹೇಬ್ರೇ."

ಕೊನೆಗೆ ಒರೆಸಿ ವ್ಯಾಕ್ಸ್ ಹಚ್ಚಬೇಕು. ಆಸಿಡ್ಡಿನಿಂದ ತೊಳೆದ ಲೋಹ ಹಾಗೇ ಬಿಟ್ಟರೆ ಬೇಗ ಮತ್ತೆ ಮಂಕಾಗುತ್ತದೆ. ವ್ಯಾಕ್ಸ್ ಹಚ್ಚಿದರೆ ತಿಂಗಳುಗಟ್ಟಲೆ ಆ ಲಾರಿ ಇತ್ತ ತಲೆ ಹಾಕಬೇಕಿಲ್ಲ. ಡಬ್ಬಿ ತೆರೆದವಳು ಅವನ ಕಡೆ ನೋಡಿದಳು. ಅವನು ಲಾರಿಯ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ, ಬಂದಾಗ ಇರದಿದ್ದ ಶೋಕಿ. ಅವಳು ಡಬ್ಬಿ ಮುಚ್ಚಿದಳು. ಬರೀ ಒಣಬಟ್ಟೆಯಿಂದ ಬಹಳ ಹೊತ್ತು ಉಜ್ಜಿದಳು.

ಬಾಯಿಬಿಟ್ಟು ಹೇಳಬೇಕಾದ್ದನ್ನು ಹೀಗೆ ಕಳ್ಳತನದಿಂದ ಮಾಡಿದರೆ ಏನಾಗುತ್ತದೆ? ಅದನ್ನೇ ಹೇಳಲು ಹೊರಟಿದ್ದೇನೆ, ಕೇಳಿ.

ಕೆಲವೇ ವಾರಗಳಲ್ಲಿ ಅವನು ಮತ್ತೆ ಬಂದ.

"ಇಷ್ಟು ಬೇಗ ಮಂಕಾಯ್ತಲ್ಲ! ನಿಮ್ಮ ರೂಟಲ್ಲಿ ಧೂಳು ಜಾಸ್ತಿ," ಎಂದು ಅವನಿಗಿಂತ ಮೊದಲು ಅವಳೇ ಹೇಳಿದಳು.

"ಹೂಂ, ಸಿಕ್ಕಾಪಟ್ಟೆ ಧೂಳು," ಎಂದು ಅವನು ಅವಳ ಮುಖ ನೋಡಿಕೊಂಡೇ ಒಪ್ಪಿದ.

ಆ ಸುಳ್ಳು ವರ್ಷವಿಡೀ ನಡೆಯಿತು. ಟ್ಯಾಂಕು ಆರುವ ಹೊತ್ತೇ ಅವರ ಹೊತ್ತು. ಅಮ್ಮ ಹೋದ ಮೇಲೆ ಮನೆ ಅಂತ ಒಂದಿಲ್ಲ, ಕ್ಯಾಬಿನ್ನಿನಲ್ಲೇ ಮಲಗುತ್ತೇನೆ ಎಂದು ಅವನು ಹೇಳಿದ. ಮಾವನ ಮನೆಯಲ್ಲಿ ಜೋರಾಗಿ ನಕ್ಕರೂ ಅತ್ತೆ ತಿರುಗಿ ನೋಡುತ್ತಾರೆ ಎಂದು ಅವಳು ಹೇಳಿದಳು. ಗ್ಲೌಸಿನೊಳಗೆ ಬೆವೆತು ಸಿಪ್ಪೆ ಏಳುತ್ತಿದ್ದ ಅವಳ ಬೆರಳುಗಳನ್ನು ನೋಡಿ, ಮುಂದಿನ ಸಲ ಕ್ರೀಮಿನ ಟ್ಯೂಬೊಂದನ್ನು ತಂದ.

"ಇದು ಟ್ಯಾಂಕಿಗಲ್ಲ, ನಿಮಗೆ. ಆಮೇಲೆ ಅದಕ್ಕೆ ಬಳಿದುಬಿಟ್ಟೀರಿ!"

ಅವಳು ನಕ್ಕಳು. ಆದರೆ ಟ್ಯಾಂಕಿನ ಕಡೆ ನೋಡಲಾಗಲಿಲ್ಲ. ಆಸಿಡ್ ಕಿಲುಬಿನ ಜೊತೆ ಪ್ರತಿಸಲವೂ ಒಂದಿಷ್ಟು ಲೋಹವನ್ನೂ ತಿನ್ನುತ್ತದೆ, ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಟ್ಯಾಂಕು ಬೆರಳಿಗೆ ತರಿತರಿಯಾಗಿ ಸಿಗತೊಡಗಿತು. ಎಷ್ಟು ತೊಳೆದರೂ ಹೋಗದ ಬಿಳಿ ಮಚ್ಚೆಗಳೂ ಎದ್ದವು. ಇದೊಂದೇ ಸಲ, ಮುಂದಿನ ಸಲ ಖಂಡಿತ ವ್ಯಾಕ್ಸ್ ಹಚ್ಚುತ್ತೇನೆ ಎಂದುಕೊಂಡಳು. ಪ್ರತಿಸಲವೂ ಹಾಗೆಯೇ ಅಂದುಕೊಳ್ಳುತ್ತಿದ್ದಳು, ಪಾಪಿ.

ಆ ಮುಂದಿನ ಸಲ ಬರಲಿಲ್ಲ.

"ಆ ಉದ್ದನೇ ಡ್ರೈವರ್ ಕೆಲಸ ಹೋಯ್ತಂತೆ ಕಣೇ," ಎಂದ ಮಾವ. "ಲಾರಿ ಯಜಮಾನ ಟ್ಯಾಂಕ್ ನೋಡಿ ಉರಿದುಬಿದ್ನಂತೆ. ಇಲ್ಲಿಗೆ ಬರ್ತೀನಿ ಅಂತ ಹೇಳಿ, ಎಲ್ಲೋ ಹಾಳು ಆಸಿಡ್ ಸುರಿದು, ತೊಳೆಸೋಕೆ ಕೊಟ್ಟ ದುಡ್ಡಲ್ಲಿ ಉಳಿದಿದ್ದು ಜೇಬಿಗಿಳಿಸಿದ್ದಾನೆ ಅಂತ. ಕಳ್ಳ ಅಂದುಬಿಟ್ನಂತೆ ಎಲ್ಲರೆದುರಿಗೆ."

ಅವಳು ಮಾವನ ಎದುರೇ ಎಲ್ಲ ಹೇಳಿಬಿಟ್ಟಳು. ಮಾವ ಹೊಡೆಯಲಿಲ್ಲ, ಬಯ್ಯಲಿಲ್ಲ, ವ್ಯಾಕ್ಸ್ ಡಬ್ಬಿ ತಂದು ಅವಳ ಮುಂದಿಟ್ಟ. ಅದೇ ಹೆಚ್ಚು ನೋವಾಯಿತು. ಗ್ಲೌಸ್ ಬಿಚ್ಚಿಟ್ಟು ನೇರ ಯಜಮಾನನ ಆಫೀಸಿಗೆ ಹೋಗಿ ಅಲ್ಲಿಯೂ ಹೇಳಿದಳು, ಮೂರು ಜನ ಗುಮಾಸ್ತರು ಕಿವಿಗೊಟ್ಟು ಕೇಳುತ್ತಿದ್ದಂತೆಯೇ.

"ಕಳ್ಳ ಅಂದಿದ್ದು ನನ್ನ ತಪ್ಪು, ಅವನಿಗೆ ಹೇಳಮ್ಮ," ಎಂದ ಯಜಮಾನ. "ಆದ್ರೆ ಬೇರೆ ಡ್ರೈವರ್ ಬಂದಾಗಿದೆ. ಅವನನ್ನ ಇಳಿಸೋಕಾಗಲ್ಲ."

ಗುಮಾಸ್ತರನ್ನು ಕೇಳಿ ಹುಡುಕಿ ಹೊರಟವಳಿಗೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ, ಕಾಲಬಳಿ ಒಂದೇ ಬ್ಯಾಗು. ದೂರದ ಯಾವುದೋ ಕ್ವಾರಿಯಲ್ಲಿ ಟಿಪ್ಪರ್ ಓಡಿಸಲು ಹೊರಟಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಅದನ್ನು ನೋಡಿ ಅವಳಿಗೆ ಇನ್ನೂ ಕಷ್ಟವಾಯಿತು. ವ್ಯಾಕ್ಸಿನ ವಿಷಯ, ಯಜಮಾನ ಅಂದ ಮಾತು, ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದಳು.

ಅವನು ಬ್ಯಾಗನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿದ.

"ಆ ಲಾರಿ ನನ್ನ ಮನೆ ಅಂತ ನಿಂಗೆ ಹೇಳಿದ್ದೆ ಕಣೇ."

ವರ್ಷವೆಲ್ಲ ನೀವು, ಮೇಡಂ ಎಂದವನ ಬಾಯಲ್ಲಿ ಮೊದಲ ಏಕವಚನ ಹೀಗೆ ಬರಬೇಕಿತ್ತೇ!

"ಯಾಕ್ ಹೀಗ್ ಮಾಡ್ದೆ?"

"ನೀವು ಬರ್ತಾನೇ ಇರ್ಬೇಕು ಅಂತ."

"ಬಾ ಅಂದಿದ್ರೆ ಬರ್ತಿರಲಿಲ್ವಾ ನಾನು? ಲಾರಿ ಇಲ್ದಿದ್ರೂ ನಡ್ಕೊಂಡು ಬರ್ತಿದ್ದೆ. ಟ್ಯಾಂಕ್ ಮಂಕಾಗಿದ್ಯೋ ಹೊಳೀತಿದ್ಯೋ ಒಂದಿನ ಆದ್ರೂ ತಿರುಗಿ ನೋಡಿದ್ನಾ? ಇಲ್ಲಿಗೆ ಬರೋಕೊಂದು ನೆಪ ಸಿಕ್ತಲ್ಲ ಅಂತ ಓಡೋಡಿ ಬರ್ತಿದ್ದೆ. ಅದಕ್ಕೇ ಯಜಮಾನ್ರು ಕೇಳ್ದಾಗ ಕಳ್ಳನ ಹಾಗೆ ಬಾಯಿ ಕಟ್ಟಿ ನಿಂತೆ. ಏನಂತ ಹೇಳ್ಲಿ? ಹುಡುಗೀನ ನೋಡ್ತಿದ್ದೆ ಸ್ವಾಮಿ, ಟ್ಯಾಂಕ್ ನೋಡ್ಲಿಲ್ಲ ಅಂತಾನಾ?"

ಅವಳು ಅತ್ತಳು. ಸುತ್ತಲಿನವರು ನೋಡುತ್ತಿದ್ದರು, ನೋಡಲಿ. ಅಳು ತಡೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಅವನ ಕೈ ಅವಳ ಭುಜದವರೆಗೂ ಬಂದು ಹಿಂದಕ್ಕೆ ಹೋಯಿತು.

ಬಸ್ಸು ಸ್ಟಾರ್ಟ್ ಆಯಿತು. ಅವನು ಬ್ಯಾಗು ಎತ್ತಿಕೊಂಡ.

"ಈಗ ಕರೆದ್ರೆ?" ಎಂದಳು ಅವಳು.

"ಈಗ ಕರೀಬೇಡ," ಎಂದ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು. "ಸಿಟ್ಟಲ್ಲಿ ಇಲ್ಲ ಅಂದುಬಿಡ್ತೀನಿ. ಒಂದ್ಸಲ ಅಂದ್ಮೇಲೆ ಮಾತು ವಾಪಸ್ ತಗೊಳ್ಳೋಕೆ ಬರಲ್ಲ ನಂಗೆ. ಹಾಳು ಸ್ವಭಾವ."

ಒಳಗೆ ಹೋಗಿ ಕಿಟಕಿಯ ಪಕ್ಕ ಕೂತ. ಅವಳ ಕಡೆ ನೋಡಲಿಲ್ಲ. ಬಸ್ಸು ಹೊರಟಿತು. ಅವಳೂ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದಳು, ಯಾಕೆಂದು ತನಗೇ ಗೊತ್ತಿಲ್ಲದೆ. ಆಗ ಅವನು ತಲೆ ಹೊರಹಾಕಿದ. ಕಣ್ಣುಗಳು ಕೆಂಪಗಿದ್ದವು.

"ಫೋನ್ ನಂಬರ್ ಬದಲಾಯಿಸಲ್ಲ ನಾನು!" ಎಂದು ಕೂಗಿದ.